ಯೆಜ್ಡಿ ಟ್ಯಾಂಕಿನೊಳಗಿನ ತುಕ್ಕಿಗೆ ಇವ್ಯಾಪೊ-ರಸ್ಟ್: ಕೊಟ್ಟ ದುಡ್ಡಿಗೆ ಸಿಗುವುದೇನು?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಆ ಕಾಲದ ಯೆಜ್ಡಿ ಬೈಕುಗಳ ಪೆಟ್ರೋಲ್ ಟ್ಯಾಂಕಿಗೆ ಹೊರಗಡೆ ಎಷ್ಟು ಸಲ ಬೇಕಾದರೂ ಪೇಂಟ್ ಹೊಡೆಸಬಹುದು, ಒಳಗೆ ಮಾತ್ರ ಕೈ ಹೋಗುವುದಿಲ್ಲ. ಫ್ರೇಮಿನ ಮೇಲೆ ಕೂರುವ ನಡುವಿನ ಸುರಂಗ, ಅದರ ಎರಡೂ ಬದಿಯ ತಗ್ಗು, ತಗಡುಗಳು ಸೇರುವ ಬೆಸುಗೆ ಅಂಚು: ಪೆಟ್ರೋಲಿನಲ್ಲಿ ಸೇರಿದ ನೀರು ಇಳಿದು ನಿಲ್ಲುವುದು ಅಲ್ಲೇ, ತುಕ್ಕು ದಪ್ಪಗಟ್ಟುವುದೂ ಅಲ್ಲೇ. ಎಥೆನಾಲ್ ಬೆರೆಸಿದ ಪೆಟ್ರೋಲ್ ತುಂಬಿ ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ಇದು ಇನ್ನೂ ಬೇಗ ಶುರುವಾಗುತ್ತದೆ, ಯಾಕೆಂದರೆ ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ.

ಇವ್ಯಾಪೊ-ರಸ್ಟ್ ನೀರಿನಷ್ಟೇ ತೆಳುವಾದ, ಆಸಿಡ್ ಅಲ್ಲದ ದ್ರಾವಣ. ತುಕ್ಕಿನಲ್ಲಿರುವ ಕಬ್ಬಿಣವನ್ನು ಹಿಡಿದು ಕರಗಿಸುತ್ತದೆ, ಗಟ್ಟಿ ಉಕ್ಕಿನಿಂದ ಕಬ್ಬಿಣ ಎಳೆಯುವಷ್ಟು ಬಲ ಅದಕ್ಕಿಲ್ಲ. ಆಮದು ಸರಕು, ಬೆಲೆ ಜಾಸ್ತಿ. ಹಾಗಾದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಸಾಲದೇ? ಲೀಟರ್ ಬಿಸಿನೀರಿಗೆ 50 ಗ್ರಾಂ ಹಾಕಿದರೆ ಅದೂ ತುಕ್ಕು ತೆಗೆಯುತ್ತದೆ. ತೊಂದರೆ ಇರುವುದು ಸಮಯದಲ್ಲಿ. ಟ್ಯಾಂಕಿನ ಅಗಲವಾದ ಬದಿಗಳು ಕೆಲವೇ ಗಂಟೆಗಳಲ್ಲಿ ಬಿಳುಪಾಗುತ್ತವೆ, ಬೆಸುಗೆ ಅಂಚಿನ ದಪ್ಪ ತುಕ್ಕು ಮಾತ್ರ ಹಾಗೇ ಕೂತಿರುತ್ತದೆ. ಅದು ಕರಗಲಿ ಎಂದು ಕಾಯುತ್ತಾ ಹೋದರೆ ಆಸಿಡ್ ಅಷ್ಟರಲ್ಲಿ ಬರಿ ತಗಡನ್ನು ತಿನ್ನುತ್ತಿರುತ್ತದೆ. ಇವ್ಯಾಪೊ-ರಸ್ಟಿನಲ್ಲಿ ಆ ಅವಸರವಿಲ್ಲ. ಅತಿ ಕೆಟ್ಟ ಮೂಲೆ ಶುದ್ಧವಾಗುವವರೆಗೆ ಒಂದೆರಡು ದಿನ ಬಿಟ್ಟರೂ ಉಳಿದ ಭಾಗಕ್ಕೆ ಧಕ್ಕೆ ಇಲ್ಲ. ಹೆಚ್ಚಿನ ದುಡ್ಡು ಕೊಡುವುದು ಈ ಕಾಯುವ ಅವಕಾಶಕ್ಕೇ.

ಗ್ಯಾರೇಜುಗಳಲ್ಲಿ ಟಾಯ್ಲೆಟ್ ಆಸಿಡ್ ಸುರಿಯುವ ರೂಢಿ ಇನ್ನೂ ಇದೆ. ಹತ್ತೇ ನಿಮಿಷದಲ್ಲಿ ಟ್ಯಾಂಕ್ ಫಳಫಳ. ಆದರೆ ಆ ಆಸಿಡ್ ಬಿಟ್ಟು ಹೋಗುವ, ಅಂಚಿನಲ್ಲಿ ಸಿಕ್ಕಿಕೊಂಡ ಕ್ಲೋರೈಡ್ ಉಪ್ಪು ತೊಳೆದರೂ ಪೂರ್ತಿ ಹೋಗುವುದಿಲ್ಲ, ಒಣಗುವಷ್ಟರಲ್ಲಿ ಕಿತ್ತಳೆ ಬಣ್ಣ ಮರಳಿ ಬಂದಿರುತ್ತದೆ. ಬೇಡವೇ ಬೇಡ.

ಈ ದ್ರಾವಣ ಕೆಲಸ ಮಾಡಲಿಲ್ಲ ಎನ್ನುವ ದೂರುಗಳಿಗೆ ಹೆಚ್ಚಾಗಿ ಕಾರಣ ಎಣ್ಣೆ. ಎರಡು ಸ್ಟ್ರೋಕಿನ ಗಾಡಿಯಲ್ಲಿ ಪೆಟ್ರೋಲಿಗೇ 2ಟಿ ಆಯಿಲ್ ಬೆರೆಸುತ್ತೇವೆ. ಪೆಟ್ರೋಲ್ ಆರಿದ ಮೇಲೆ ಆ ಆಯಿಲ್ ಅಂಟಾಗಿ ತುಕ್ಕಿನ ಮೇಲೆ ಪದರ ಕಟ್ಟುತ್ತದೆ, ನೀರಿನ ದ್ರಾವಣ ಅದನ್ನು ದಾಟಲಾರದು. ಮೊದಲು ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ಕುಲುಕಿ ಚೆಲ್ಲಿ. ಆಮೇಲೆ ಬಿಸಿನೀರು, ಪಾತ್ರೆ ತೊಳೆಯುವ ದ್ರವ, ಎರಡು ಮೂರು ಸಲ. ಫೋನಿಗೆ ಜೋಡಿಸುವ ಎಂಡೋಸ್ಕೋಪ್ ಕ್ಯಾಮೆರಾ ಇಳಿಸಿ ನೋಡಿ: ನೀರು ಗೋಡೆಯ ಮೇಲೆ ಹಾಳೆಯಂತೆ ಹರಡಬೇಕು. ಹನಿಹನಿಯಾಗಿ ಉರುಳುತ್ತಿದ್ದರೆ ಎಣ್ಣೆ ಇನ್ನೂ ಇದೆ. ಹೊಪ್ಪಳೆಯಂತೆ ಎದ್ದ ತುಕ್ಕಿದ್ದರೆ ಒಂದು ಮೀಟರ್ ಸಣ್ಣ ಕಬ್ಬಿಣದ ಸರಪಳಿ ಹಾಕಿ ಅಲ್ಲಾಡಿಸಿ. ನಟ್ಟು ಬೋಲ್ಟು ಹಾಕಬೇಡಿ, ಸುರಂಗದ ಆಚೆ ಬದಿಗೆ ಜಾರಿದರೆ ಹೊರಗೆ ಬರುವುದಿಲ್ಲ. ಸರಪಳಿಯಾದರೆ ಒಂದು ತುದಿಗೆ ತಂತಿ ಕಟ್ಟಿ ಎಳೆದುಕೊಳ್ಳಬಹುದು.

ಪೆಟ್ರೋಲ್ ಕಾಕ್, ಅಂದರೆ ಟ್ಯಾಂಕಿನ ತಳದ ನಲ್ಲಿ, ಬಿಚ್ಚಿ, ಆ ತೂತಿಗೆ ರಬ್ಬರ್ ವಾಷರ್ ಹಾಕಿದ ಬೋಲ್ಟ್ ಬಿಗಿಯಿರಿ. ಹಳೇ ಮುಚ್ಚಳದಲ್ಲಿ ಗಾಳಿ ಆಡುವ ಕಿಂಡಿ ಇರುವುದರಿಂದ ಅದು ಸೋರುತ್ತದೆ. ಅದರ ಬದಲು ಟ್ಯಾಂಕಿನ ಬಾಯಿಗೆ ಸೈಕಲ್ ಟ್ಯೂಬಿನ ತುಂಡು, ಮೇಲೊಂದು ಕ್ಲಾಂಪ್ ಸಾಕು. ಟ್ಯಾಂಕಿನ ಅಳತೆಯನ್ನು ಮೊದಲು ನೀರು ತುಂಬಿ ತಿಳಿದುಕೊಂಡು ಅಷ್ಟೇ ದ್ರಾವಣ ಕೊಳ್ಳಿ. ಬಾಯಿಮಟ್ಟ ತುಂಬಿದರೂ ಮೇಲ್ಮೂಲೆಗಳಲ್ಲಿ ಗಾಳಿ ಉಳಿಯುತ್ತದೆ, ಹಾಗಾಗಿ ಅರ್ಧ ಅವಧಿ ಮಗುಚಿ ಇಡಬೇಕು. ಐದು ಲೀಟರಿನಲ್ಲಿ ಮುಗಿಸಬೇಕೆಂದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ರಾತ್ರಿಯಿಡೀ ಒಂದೇ ಮಗ್ಗುಲಲ್ಲಿ ಬಿಟ್ಟರೆ ದ್ರವದ ಮಟ್ಟ ನಿಂತ ಜಾಗದಲ್ಲಿ ಗೆರೆ ಕೊರೆಯುತ್ತದೆ. ಚಳಿಯಲ್ಲಿ ಕೆಲಸ ನಿಧಾನ. ಮಡಿಕೇರಿಯ ಡಿಸೆಂಬರಿನಲ್ಲಿ ಮಾಡುವವರು ಹಗಲು ಬಿಸಿಲಿಗಿಡಿ. ಹೊರಗೆ ಸುರಿದ ಹನಿಯನ್ನು ತಕ್ಷಣ ಒರೆಸಿ: ಸಾಮಾನ್ಯ ಪೇಂಟಿಗೆ ಏನೂ ಆಗದು, ರೆಡ್ ಆಕ್ಸೈಡ್ ಪ್ರೈಮರಿನ ಬಣ್ಣವೇ ಕಬ್ಬಿಣದ ಆಕ್ಸೈಡ್ ಆದ್ದರಿಂದ ಪೇಂಟ್ ಕಿತ್ತ ಕಡೆ ಅದು ಸವೆಯಬಹುದು.

ಮುಗಿದಾಗ ಒಳಗೋಡೆ ಹೊಳೆಯುವುದಿಲ್ಲ, ಮಂಕು ಬೂದಿ ಬಣ್ಣಕ್ಕೆ ಬರುತ್ತದೆ. ಅದೇ ಸರಿ. ಬಳಸಿದ ದ್ರಾವಣವನ್ನು ಬಟ್ಟೆಯಲ್ಲಿ ಸೋಸಿ ಬೇರೆ ಕ್ಯಾನಿನಲ್ಲಿಡಿ, ಹೊಸದಕ್ಕೆ ಬೆರೆಸಬೇಡಿ. ಕಪ್ಪಾಗಿ ಜಡವಾಗುವವರೆಗೆ ಕಾರ್ಬ್ಯುರೇಟರ್ ಬೋಲ್ಟು, ಚೈನ್ ಕವರಿನ ಕೊಂಡಿಗಳಿಗೆ ಅದು ಒದಗುತ್ತದೆ.

ಐದಕ್ಕೆ ನಾಲ್ಕು. ಒಂದು ಅಂಕ ಕಳೆದದ್ದು ಬೆಲೆಗೆ, ಜೊತೆಗೆ ತುಕ್ಕು ತೆಗೆದ ನಂತರ ಹೇಳಿಕೊಳ್ಳುವಂಥ ರಕ್ಷಣೆ ಕೊಡದೇ ಇರುವುದಕ್ಕೆ. ನೀರಿನಲ್ಲಿ ತೊಳೆದ ಕೂಡಲೇ ಬ್ಲೋವರಿನಿಂದ ಒಣಗಿಸಿ, ಒಂದು ಲೀಟರ್ ಪೆಟ್ರೋಲಿಗೆ 100 ಮಿಲಿ 2ಟಿ ಆಯಿಲ್ ಬೆರೆಸಿ ಎಲ್ಲ ಮೂಲೆಗೂ ತಾಗುವಂತೆ ಕುಲುಕಬೇಕು. ತಡ ಮಾಡಿದರೆ ಗಂಟೆಯೊಳಗೇ ಹೊಸ ತುಕ್ಕಿನ ತೆಳು ಪದರ.

ತಳದಲ್ಲಿ ಈಗಾಗಲೇ ಬೆವರಿದಂತೆ ಪೆಟ್ರೋಲ್ ಜಿನುಗುವ ಟ್ಯಾಂಕಿಗೆ ಇದನ್ನು ಕೊಳ್ಳುವುದು ದಂಡ. ಅಲ್ಲಿ ತೂತನ್ನು ಮುಚ್ಚಿಕೊಂಡಿರುವುದೇ ತುಕ್ಕು, ಅದು ಹೋದರೆ ಸೂಜಿತೂತುಗಳೆಲ್ಲ ಬಾಯಿ ಬಿಡುತ್ತವೆ. ಅಂಥದ್ದನ್ನು ಟ್ಯಾಂಕ್ ಬೆಸುಗೆಯಲ್ಲಿ ಪಳಗಿದವರಿಗೇ ಕೊಡಿ, ಪೆಟ್ರೋಲ್ ಆವಿ ಉಳಿದ ಟ್ಯಾಂಕಿಗೆ ಬೆಂಕಿ ಹಿಡಿದರೆ ಸಿಡಿಯುತ್ತದೆ. ಗಟ್ಟಿ ಟ್ಯಾಂಕಾದರೆ ಮತ್ತೆ ಕೂರಿಸುವಾಗ ಕಾಕ್ ಮತ್ತು ಕಾರ್ಬ್ಯುರೇಟರ್ ನಡುವೆ ಪಾರದರ್ಶಕ ಫಿಲ್ಟರ್ ಹಾಕಿ, ಮೊದಲ ಎರಡು ಟ್ಯಾಂಕ್ ಪೆಟ್ರೋಲ್ ಓಡುವವರೆಗೆ ಅದರಲ್ಲಿ ಕೂರುವ ಕಪ್ಪು ಪುಡಿಯನ್ನು ತೆಗೆಯುತ್ತಿರಿ.