ಸಂಬಳದ ಅಂತರ: ಬ್ರಿಟನ್ ದಾರಿಯೋ, ಐಸ್‌ಲ್ಯಾಂಡ್ ದಾರಿಯೋ?

ನಿಮ್ಮ ಕಂಪನಿಯಲ್ಲಿ ಹೆಣ್ಣುಮಕ್ಕಳಿಗೆ ಸಂಬಳ ಕಡಿಮೆ ಅನ್ನಿಸುತ್ತಿದೆಯೇ? ಈ ಎರಡು ದಾರಿಗಳನ್ನು ನೋಡಿ.

ಬ್ರಿಟನ್ 2017ರಲ್ಲಿ ತಂದ ನಿಯಮ ಸರಳ. 250 ಅಥವಾ ಅದಕ್ಕಿಂತ ಜಾಸ್ತಿ ಜನರಿರುವ ಸಂಸ್ಥೆ, ಗಂಡಸರ ಮತ್ತು ಹೆಂಗಸರ ಸರಾಸರಿ ಸಂಬಳದ ಅಂತರವನ್ನು ಪ್ರತಿವರ್ಷ ಪ್ರಕಟಿಸಬೇಕು. ದೊಡ್ಡ ಹುದ್ದೆಗಳಲ್ಲಿ ಹೆಂಗಸರು ಕಡಿಮೆ ಇದ್ದರೆ ಬಯಲಾಗುತ್ತದೆ. ಆದರೆ ಒಂದೇ ಕೆಲಸಕ್ಕೆ ಒಂದೇ ಸಂಬಳ ಸಿಗುತ್ತಿದೆಯಾ ಅನ್ನುವುದು ಆ ಅಂಕಿಯಿಂದ ತಿಳಿಯುವುದಿಲ್ಲ.

ಐಸ್‌ಲ್ಯಾಂಡಿನದು ಇನ್ನೂ ಬಿಗಿ. 2018ರಲ್ಲಿ ಜಾರಿಗೆ ಬಂದ ಕಾನೂನು, 25 ಜನರಿದ್ದರೂ ಸಮಾನ ವೇತನದ ಪ್ರಮಾಣಪತ್ರ ಪಡೆಯಲೇಬೇಕು ಎಂದಿತು. ಅದಕ್ಕಾಗಿ ಪ್ರತಿ ಕೆಲಸವನ್ನೂ ತೂಗಬೇಕು: ಎಷ್ಟು ಕೌಶಲ, ಎಷ್ಟು ಹೊಣೆ, ಎಷ್ಟು ಶ್ರಮ? ಹುದ್ದೆಯ ಹೆಸರು ಬೇರೆಯಾದರೂ ತೂಕ ಸಮವಾಗಿದ್ದರೆ ಸಂಬಳವೂ ಸಮ. ನನಗೆ ಹಿಡಿಸಿದ್ದು ಇದೇ. ಹೆಂಗಸರೇ ಜಾಸ್ತಿ ಮಾಡುವ ಕೆಲಸವನ್ನು ನಾವು ಸುಮ್ನೆ ಅಗ್ಗವಾಗಿ ಕಾಣುತ್ತೇವೆ, ಅಲ್ವಾ?

ನಿಮ್ಮದು ಚಿಕ್ಕ ಕಂಪನಿಯಾದರೆ ತೂಗುವುದರಿಂದಲೇ ಶುರುಮಾಡಿ. ಅಲ್ಲಿ ಒಬ್ಬರು ಕೆಲಸ ಬಿಟ್ಟರೂ ಸರಾಸರಿ ಏರುಪೇರಾಗುತ್ತದೆ. ಸಾವಿರಾರು ಜನರಿದ್ದರೆ ಎರಡೂ ಬೇಕು. ಹೆರಿಗೆ ರಜೆ ಮುಗಿಸಿ ಬಂದವರ ಬಡ್ತಿ ನಿಂತಿದೆಯೇ ಅನ್ನುವುದನ್ನು ಮಾತ್ರ ಬೇರೆಯಾಗಿ ನೋಡಿ. ಎರಡು ದಾರಿಯೂ ಅದನ್ನು ತಾನಾಗಿ ಸರಿಪಡಿಸುವುದಿಲ್ಲ.