12 ಅಡಿಯ ಸರ್ಫ್ ರಾಡ್ ಮತ್ತು 6000 ಅಳತೆಯ ರೀಲ್: ಮುನಿರಾಬಾದಿನಿಂದ ದೀರ್ಘ ಬಳಕೆಯ ವಿಮರ್ಶೆ

ಕೊಪ್ಪಳ ಜಿಲ್ಲೆಯ ಮುನಿರಾಬಾದಿನಲ್ಲಿ, ತುಂಗಭದ್ರಾ ಜಲಾಶಯದ ಮಗ್ಗುಲಲ್ಲೇ ಬೆಳೆದವರಿಗೆ ಗಾಳ ಹೊಸದಲ್ಲ. ಆದರೆ ಕಾರವಾರ, ಅಂಕೋಲಾಗಳ ಮರಳು ದಂಡೆಯಲ್ಲಿ ನಿಂತು ಅಲೆಗಳ ಆಚೆಗೆ ಗಾಳ ಎಸೆಯಲು ನಮ್ಮ 7 ಅಡಿಯ ಕೋಲು ಸಾಲುವುದಿಲ್ಲ. ಅದಕ್ಕೆಂದೇ ಕೊಂಡ, ಮೂರು ತುಂಡಾಗಿ ಬಿಚ್ಚುವ 12 ಅಡಿಯ ಸರ್ಫ್ ರಾಡ್ ಮತ್ತು 6000 ಅಳತೆಯ ಸ್ಪಿನ್ನಿಂಗ್ ರೀಲನ್ನು (ದಾರ ಸುತ್ತುವ ಸಾಧನ) ಹಲವು ವರ್ಷ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ರಾಡ್ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ. ಹಿಡಿಕೆಯ ಮೇಲೆ 100–150 ಗ್ರಾಂ ಎಂದು ಮುದ್ರಿಸಿದ್ದಾರೆ. ರಾಡ್ ಎಷ್ಟು ತೂಕ ಎಸೆಯಬಲ್ಲದು ಎಂಬುದರ ಗುರುತು ಅದು, ಕೊಳ್ಳುವವರು ಉದ್ದಕ್ಕಿಂತ ಮೊದಲು ಅದನ್ನೇ ನೋಡಬೇಕು. ಸೆಳೆತವಿರುವ ಕಡೆ ದುಂಡನೆಯ ಸೀಸದ ಗುಂಡು ಉರುಳುತ್ತ ದಡಕ್ಕೇ ಬಂದುಬಿಡುತ್ತದೆ, ಪಿರಮಿಡ್ ಆಕಾರದ್ದಾದರೆ ಮರಳಿನಲ್ಲಿ ಊರಿಕೊಂಡು ನಿಲ್ಲುತ್ತದೆ. ಸುಮಾರು 110 ಗ್ರಾಂನ ಅಂಥ ಗುಂಡನ್ನು ಈ ರಾಡ್ ಸಲೀಸಾಗಿ ಎಸೆಯುತ್ತದೆ. ಅಷ್ಟು ಭಾರವನ್ನು ತೆಳುವಾದ ದಾರಕ್ಕೆ ನೇರವಾಗಿ ಕಟ್ಟಿ ಎಸೆಯುವುದು ಮಾತ್ರ ಅಪಾಯ. ದಾರ ಹರಿದರೆ ಗುಂಡು ಯಾರ ತಲೆಗಾದರೂ ಬಡಿದೀತು. ಪ್ರತಿ ಔನ್ಸಿಗೆ, ಅಂದರೆ 28 ಗ್ರಾಂಗೆ, 10 ಪೌಂಡ್ ಬಲವಿರಬೇಕೆಂಬುದು ರೂಢಿಯ ಲೆಕ್ಕ. ಆ ಪ್ರಕಾರ 18 ಕೆಜಿ ತಾಳುವ ದಪ್ಪ ನೈಲಾನ್ ದಾರವನ್ನು ರಾಡಿನ ಎರಡರಷ್ಟು ಉದ್ದಕ್ಕೆ ಕತ್ತರಿಸಿ, ಮುಖ್ಯ ದಾರದ ತುದಿಗೆ ಶಾಕ್ ಲೀಡರ್ ಆಗಿ ಸೇರಿಸುತ್ತೇನೆ.

ರೀಲಿಗೆ ಅಷ್ಟು ಮೆಚ್ಚುಗೆ ಸಲ್ಲುವುದಿಲ್ಲ. ದಾರವನ್ನು ತಿರುಗಿಸಿ ಸುರುಳಿಗೆ ಕೊಡುವ ಪುಟ್ಟ ರೋಲರ್ ಎರಡನೆಯ ವರ್ಷವೇ ಬಿಗಿಯಾಯಿತು. ಅಂಚಿನಲ್ಲಿ ಬಿಳಿಯ ಪೊರೆ ಕಟ್ಟಿ, ಸುತ್ತುವಾಗ ಕಿರುಗುಟ್ಟುತ್ತಿತ್ತು. ತಿರುಗದ ರೋಲರಿನ ಮೇಲೆ ಉಜ್ಜಿ ದಾರದ ಮೈ ಒರಟಾಯಿತು. ಒಳಗಿನ ಬೇರಿಂಗ್ ಬದಲಿಸಿದ ಮೇಲೆ ಸರಿಯಾಗಿದೆ. ಈ ಬೆಲೆಗೆ ಆ ಜಾಗದಲ್ಲಿ ಉಪ್ಪುನೀರು ತಡೆಯುವ ಸೀಲ್ ಇರಬೇಕಿತ್ತು.

ಸಮುದ್ರದಿಂದ ದೂರವಿರುವ ನಮ್ಮಂಥವರಿಗೆ ಆರೈಕೆಯ ದೊಡ್ಡ ತೊಡಕು ಪ್ರಯಾಣವೇ. ಅಂಕೋಲಾದಿಂದ ಯಲ್ಲಾಪುರ, ಹುಬ್ಬಳ್ಳಿ, ಗದಗ ದಾಟಿ ಊರು ಸೇರುವಷ್ಟರಲ್ಲಿ ಉಪ್ಪು ಒಣಗಿ ಗಟ್ಟಿಯಾಗಿರುತ್ತದೆ. ಆದ್ದರಿಂದ ರೀಲಿನ ಡ್ರ್ಯಾಗನ್ನು, ಅಂದರೆ ಮೀನು ಎಳೆದಾಗ ದಾರ ಬಿಚ್ಚುವುದನ್ನು ತಡೆಹಿಡಿಯುವ ಬ್ರೇಕನ್ನು, ಬಿಗಿ ಮಾಡಿ, ದಂಡೆಯಲ್ಲೇ ಬಾಟಲಿಯ ಸಿಹಿನೀರನ್ನು ಮೆಲ್ಲಗೆ ಸುರಿದು ತೊಳೆಯಬೇಕು. ಪೈಪಿನಿಂದ ರಭಸವಾಗಿ ನೀರು ಬಿಟ್ಟರೆ ಉಪ್ಪು ಒಳಗೇ ನುಗ್ಗುತ್ತದೆ. ಮನೆಯಲ್ಲಿ ಮತ್ತೊಮ್ಮೆ ತೊಳೆಯುವಾಗ ಬೋರ್‌ವೆಲ್ ನೀರು ಬಳಸುವುದಿಲ್ಲ, ಏಕೆಂದರೆ ನಮ್ಮ ಗಡಸು ನೀರು ಆರಿದಲ್ಲೆಲ್ಲ ಬಿಳಿಯ ಕಲೆ ಬಿಡುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ಇದಕ್ಕೆ ಸಾಕು. ಆರಿದ ಮೇಲೆ ರೋಲರಿಗೂ ಹಿಡಿಗೂ ಒಂದೊಂದು ಹನಿ ಎಣ್ಣೆ ಬಿಟ್ಟು, ಒಳಗಿನ ವಾಷರ್‌ಗಳು ಅದುಮಿಕೊಂಡು ಉಳಿಯದಂತೆ ಡ್ರ್ಯಾಗ್ ಸಡಿಲಿಸಿಡುತ್ತೇನೆ.

ದಾರ ಹಾಯುವ ರಾಡಿನ ಉಂಗುರಗಳಲ್ಲಿ ಬಿರುಕಿದೆಯೇ ಎಂದು ಕಣ್ಣಿನಿಂದ ಕಾಣುವುದು ಕಷ್ಟ. ಹತ್ತಿಯ ಎಳೆಯೊಂದನ್ನು ಒಳಗೆ ತಿರುವಿದರೆ ಬಿರುಕಿದ್ದಲ್ಲಿ ನಾರು ಸಿಕ್ಕಿಕೊಳ್ಳುತ್ತದೆ. ರಾಯಚೂರು, ಕೊಪ್ಪಳದವರಿಗೆ ಹತ್ತಿಗೇನು ಬರ! ಬಿಸಿಲು ನೈಲಾನ್ ದಾರದ ಬಲ ಕುಂದಿಸುವುದರಿಂದ, ಮಳೆಗಾಲದಲ್ಲಿ ಕಡಲು ಒರಟಾಗಿ ಹೋಗಲಾಗದ ತಿಂಗಳುಗಳಲ್ಲಿ ಸಾಮಾನನ್ನು ತಗಡಿನ ಶೆಡ್ಡಿನಲ್ಲಾಗಲಿ ಕಿಟಕಿಯ ಬಳಿಯಾಗಲಿ ಇಡದೆ ಒಳಕೋಣೆಯಲ್ಲಿಡುವುದು ಒಳ್ಳೆಯದು.

ಇದನ್ನೇ ಜಲಾಶಯಕ್ಕೂ ಬಳಸಬಹುದೇ ಎಂದು ಕೇಳುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಬೇಡ: ಹಗುರ ಗುಂಡಿಗೆ ಈ ರಾಡ್ ಬಾಗುವುದೇ ಇಲ್ಲ, ಸಣ್ಣ ಮೀನು ಕಚ್ಚಿದ್ದು ಕೈಗೆ ತಿಳಿಯುವುದೂ ಇಲ್ಲ.