ಹೊಸೂರಿನ ಕಡೆ ಸೈಟು ತೋರಿಸೋಕೆ ಭಾನುವಾರವೇ ಕರೆಯುತ್ತಿದ್ದಾರಾ? ಇದನ್ನು ಓದಿ

ಹೊಸೂರು, ಬಾಗಲೂರು ಕಡೆ ಸೈಟು ಹುಡುಕುತ್ತಿರುವವರು ದಯವಿಟ್ಟು ಪೂರ್ತಿ ಓದಿ. ನನ್ನ 3 ಲಕ್ಷ ಸಿಕ್ಕಿಹಾಕಿಕೊಂಡಿದೆ. ಬರೆಯೋಕೆ ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ನಾನು ಡೆಂಕಣಿಕೋಟೆ ಕಡೆಯವನು. ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಬೊಮ್ಮನಹಳ್ಳಿಯ ಬಾಡಿಗೆ ಮನೆಯಲ್ಲಿ 9 ವರ್ಷ ಹಾರ್ನ್ ಸದ್ದು ಕೇಳಿ ಸಾಕಾಗಿತ್ತು. ಅಮ್ಮನಿಗೆ ದಮ್ಮು ಬೇರೆ. ಅತ್ತಿಬೆಲೆ ದಾಟಿದರೆ ರೇಟು ಕಡಿಮೆ, ಊರೂ ಹತ್ತಿರ, ಅಲ್ವಾ? ಬಾಗಲೂರಿನ ಆಚೆ ಒಂದು ಲೇಔಟ್ ಸಿಕ್ಕಿತು. 30×40 ಸೈಟು, ಚದರಡಿಗೆ 2,300. ಒಟ್ಟು 27 ಲಕ್ಷದ 60 ಸಾವಿರ. ಪಾಂಪ್ಲೆಟ್ ಮೇಲೆ ದೊಡ್ಡದಾಗಿ 'ಶಾಂತ ವಾತಾವರಣ' ಅಂತ ಹಾಕಿದ್ದರು.

ಬ್ರೋಕರ್ ಅಪ್ಪಟ ಕನ್ನಡ ಮಾತಾಡುತ್ತಿದ್ದ. ಅಲ್ಲೇ ಬಿದ್ದೆ ನಾನು. ನಾನು ಓದಿದ್ದು ಕನ್ನಡ ಶಾಲೆಯಲ್ಲಿ, ತಮಿಳು ಮಾತಾಡುತ್ತೇನೆ, ಓದೋಕೆ ತಡವರಿಸುತ್ತೇನೆ. ಪತ್ರ ಎಲ್ಲ ತಮಿಳಿನಲ್ಲಿತ್ತು. "ನಾನಿದ್ದೀನಲ್ಲ ಸಾರ್, ನಾವು ನಾವೇ ಅಲ್ವಾ" ಅಂದ.

ಮೂರು ಸಲ ಹೋದೆವು. ಮೂರು ಸಲವೂ ಭಾನುವಾರ ಬೆಳಿಗ್ಗೆ, ಅವರದೇ ವ್ಯಾನಿನಲ್ಲಿ. ಶನಿವಾರ ಬರುತ್ತೇನೆ ಅಂದರೆ "ಓನರ್ ಇರಲ್ಲ ಸಾರ್". ಅಲ್ಲಿ ನಿಜವಾಗಿಯೂ ಹಕ್ಕಿ ಕೂಗೋದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಅಮ್ಮ ಮಾತ್ರ ಹೊಂಗೆ ಎಲೆ ಮುಟ್ಟಿ, "ಇದ್ಯಾಕಪ್ಪ ಹಿಂಗೆ ಬೆಳ್ಳಗಿದೆ?" ಅಂದರು. "ರೋಡ್ ಕೆಲಸ ನಡೀತಿದೆ ಅಮ್ಮ" ಅಂದ ಅವನು. ನಾನೂ "ಸುಮ್ನಿರಮ್ಮ" ಅಂದುಬಿಟ್ಟೆ. ಆ ಮಾತು ಈಗಲೂ ಚುಚ್ಚುತ್ತದೆ.

ಮೊದಲು 50 ಸಾವಿರ, ಆಮೇಲೆ ಎರಡೂವರೆ ಲಕ್ಷ ಕೊಟ್ಟೆ. ಅಗ್ರಿಮೆಂಟ್ ಇಲ್ಲ, ಬರೀ ಒಂದು ರಸೀದಿ.

ಒಂದು ಬುಧವಾರ ರಜೆ ಹಾಕಿ, ಯಾರಿಗೂ ಹೇಳದೆ, ಭಾವನಿಗೆ ಸೈಟು ತೋರಿಸೋಕೆ ಬೈಕಿನಲ್ಲಿ ಹೋದೆ. ತಿರುವಿನಲ್ಲೇ ಸಾಲಾಗಿ ಟಿಪ್ಪರ್‌ಗಳು. ಲೇಔಟಿನ ಹಿಂದಿನ ದಿಬ್ಬದ ಆಚೆ ಕಲ್ಲು ಕ್ವಾರಿ, ಕ್ರಷರ್. ಎದುರು ನಿಂತವರ ಮಾತು ಕೇಳುತ್ತಿರಲಿಲ್ಲ. ಮಧ್ಯಾಹ್ನ ಸಿಡಿಮದ್ದು ಹೊಡೆದಾಗ ನೆಲ ನಡುಗಿದ್ದು ಪಾದಕ್ಕೆ ಗೊತ್ತಾಯಿತು. ಭಾವ ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ಟೀ ಅಂಗಡಿಯವರು ಹೇಳಿದರು: "ಭಾನುವಾರ ಒಂದು ದಿನ ನಿಲ್ಲಿಸ್ತಾರೆ ಸಾಮಿ." ಭಾನುವಾರ! ಮೂರು ಸಲ ನಮ್ಮನ್ನು ಕರೆದದ್ದು ಯಾಕೆ ಅಂತ ಆಗ ಅರ್ಥವಾಯಿತು.

ಅಲ್ಲಿಂದಲೇ ಫೋನ್ ಮಾಡಿದೆ. ಅವನ ಉತ್ತರ ಕೇಳಿ: "ಕ್ರಷರ್ ನಮ್ಮದಲ್ಲ ಅಲ್ವಾ ಸಾರ್." ಯಾಕೆ ಹೇಳಲಿಲ್ಲ ಅಂದರೆ, "ನೀವು ಕೇಳಲೇ ಇಲ್ಲ." ದುಡ್ಡು ವಾಪಸ್ ಕೊಡಿ ಅಂದರೆ, "ರಸೀದಿ ಓದಿ ಸಾರ್, ವಾಪಸ್ ಇಲ್ಲ ಅಂತ ಬರೆದಿದೆ." ಬರೆದಿತ್ತು, ತಮಿಳಿನಲ್ಲಿ. ಓದಿ ಹೇಳ್ತೀನಿ ಅಂದವನು ಅವನೇ!

ಆಫೀಸಿನ ತಮಿಳು ಸ್ನೇಹಿತರ ಹತ್ತಿರ ಕಾಗದ ಓದಿಸಿದೆ. ಬೋರ್ಡಿನಲ್ಲಿದ್ದ ರೇರಾ (ಲೇಔಟ್ ನೋಂದಣಿ ಮಾಡುವ ಸರ್ಕಾರಿ ರಿಯಲ್ ಎಸ್ಟೇಟ್ ಪ್ರಾಧಿಕಾರ) ನಂಬರ್ ಲೇಔಟಿನ ಮೊದಲನೇ ಹಂತದ್ದು. ನಮಗೆ ತೋರಿಸಿದ್ದು ಎರಡನೇ ಹಂತ, ಸರ್ವೆ ನಂಬರೇ ಬೇರೆ. ಹಂತ ಹಂತವಾಗಿ ಲೇಔಟ್ ಮಾಡಿದರೆ 2016ರ ರೇರಾ ಕಾಯ್ದೆಯಲ್ಲಿ ಒಂದೊಂದು ಹಂತಕ್ಕೂ ಬೇರೆ ನೋಂದಣಿ ಬೇಕು. ಇನ್ನೊಂದು, ರಿಜಿಸ್ಟರ್ ಆದ ಅಗ್ರಿಮೆಂಟ್ ಇಲ್ಲದೆ ಒಟ್ಟು ಬೆಲೆಯ 10 ಪರ್ಸೆಂಟಿಗಿಂತ ಜಾಸ್ತಿ ತಗೊಳ್ಳುವಂತಿಲ್ಲ. ಅಂದರೆ 2 ಲಕ್ಷದ 76 ಸಾವಿರ. ತಗೊಂಡಿದ್ದು 3 ಲಕ್ಷ. ಇದನ್ನು ಹೇಳಿದ ಮೇಲೆ ಅವನು ಫೋನ್ ಎತ್ತುತ್ತಿಲ್ಲ. ಲೇಔಟಿನವರ ಆಫೀಸಿನಲ್ಲಿ "ಬ್ರೋಕರ್ ಹೇಳಿದ್ದಕ್ಕೆ ನಾವು ಜವಾಬ್ದಾರರಲ್ಲ" ಅನ್ನುತ್ತಾರೆ. ರಸೀದಿ ಕೊಟ್ಟಿದ್ದು ಅದೇ ಆಫೀಸು!

ಸುಳ್ಳು ಜಾಹೀರಾತು ನಂಬಿ ಅಡ್ವಾನ್ಸ್ ಕೊಟ್ಟು ನಷ್ಟ ಆದವರಿಗೆ ಬಡ್ಡಿ ಸಮೇತ ದುಡ್ಡು ಕೊಡಬೇಕು ಅಂತ ಅದೇ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ಪಾಂಪ್ಲೆಟ್ ಜೋಪಾನವಾಗಿ ಇಟ್ಟಿದ್ದೇನೆ. ತಮಿಳುನಾಡು ರೇರಾಕ್ಕೆ ದೂರು ಬರೆಸುತ್ತಿದ್ದೇನೆ.

ನೀವು ಹೋಗುವುದಾದರೆ ವಾರದ ದಿನ, ಮಧ್ಯಾಹ್ನ, ನಿಮ್ಮ ಗಾಡಿಯಲ್ಲೇ ಹೋಗಿ. ಟೀ ಅಂಗಡಿಯಲ್ಲಿ ವಿಚಾರಿಸಿ. ಪಟ್ಟಾದ (ಜಮೀನು ಯಾರ ಹೆಸರಲ್ಲಿದೆ ಅಂತ ಹೇಳುವ ಸರ್ಕಾರಿ ದಾಖಲೆ) ಸರ್ವೆ ನಂಬರ್ ರೇರಾದಲ್ಲಿ ಇದೆಯಾ ನೋಡಿ. ತಮಿಳು ಓದಲು ಬರದಿದ್ದರೆ ನಿಮ್ಮ ಕಡೆಯವರಿಂದಲೇ ಓದಿಸಿ, ಮಾರುವವನಿಂದ ಬೇಡ. ಅವನು ಎಷ್ಟೇ ಚೆನ್ನಾಗಿ ಕನ್ನಡ ಮಾತಾಡಲಿ, ಬೇಡ.

ಆ ವ್ಯಾನು ಪ್ರತಿ ಭಾನುವಾರ ಬೆಳಿಗ್ಗೆ ಏಳೂವರೆಗೆ ಅತ್ತಿಬೆಲೆಯಿಂದ ಹೊರಡುತ್ತದೆ. ಹೋದ ವಾರವೂ ತುಂಬಿತ್ತು, ನಾನೇ ನೋಡಿದೆ.